ಇಲ್ಲದ ಮೊಟ್ಟೆಗಳಿಗೆ ಹಾಸು

2008 ಜೂನ್ 9, ಅಂಕೋಲಾ

ಇವರು ಬಿಟ್ಟುಹೋಗಿದ್ದ ಟಿಶ್ಯೂ ಕಾಗದದ ಕೊನೆಯ ಸುರುಳಿ ಇವತ್ತು ಮುಗಿಯಿತು. ಹಲ್ಲಿಗಳ ಗಾಜಿನ ಪೆಟ್ಟಿಗೆಯ ತಳಕ್ಕೆ ಇನ್ನು ಏನು ಹಾಸಬೇಕು ಎಂದು ಕೇಳಿದೆ.

"ಸದ್ಯಕ್ಕೆ ಹಳೇ ಪೇಪರ್ ಹಾಸು. ಒದ್ದೆ ಆದ ಕೂಡ್ಲೆ ತೆಗಿಬೇಕು" ಎಂದರು.

ಇವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮೂರು ದಿನಗಳಲ್ಲಿ ನಮ್ಮಿಬ್ಬರ ನಡುವೆ ನಡೆದ ಅತಿ ಉದ್ದದ ಮಾತು ಇದು.

ವ್ಯಾಯಾಮ ಮಾಡಿಸಲು ಬರುವವರು ದಿನದಿನದ ಪ್ರಗತಿ ಬರೆದಿಡಿ ಎಂದಿದ್ದಾರೆ. ಅದಕ್ಕೆಂದು ಶಾಲೆಯಿಂದ ಈ ನೋಟುಪುಸ್ತಕ ತಂದೆ. ಪ್ರಗತಿ ಎಂದು ಬರೆಯಲು ಇನ್ನೂ ಏನೂ ಇಲ್ಲವಾದ್ದರಿಂದ ಬೇರೆಯದನ್ನು ಬರೆಯುತ್ತಿದ್ದೇನೆ. ನನ್ನ ಗಂಡ ಸಂಕೇತ ಹಡಗಿನ ಎಂಜಿನ್ ಕೋಣೆಯಲ್ಲಿ ಫಿಟ್ಟರ್ ಆಗಿದ್ದರು. ಫೆಬ್ರವರಿಯಲ್ಲಿ ಅಲ್ಲಿಯ ಕಬ್ಬಿಣದ ಏಣಿಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡರು. ಸೊಂಟದಿಂದ ಕೆಳಗೆ ಮುಟ್ಟಿದರೂ ಚುಚ್ಚಿದರೂ ಗೊತ್ತಾಗುವುದಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷ. ಅವರ ರಜೆಗಳನ್ನೆಲ್ಲ ಕೂಡಿಸಿದರೆ ಒಟ್ಟಿಗೆ ಇದ್ದದ್ದು ಮೂರು ವರ್ಷವೂ ಆಗಲಿಕ್ಕಿಲ್ಲ. ಮಕ್ಕಳಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿಕೊಂಡು ನಾನೊಬ್ಬಳೇ ಇದ್ದು ರೂಢಿಯಾಗಿತ್ತು. ಈಗ ಮನೆಯಲ್ಲಿ ಒಬ್ಬ ಅಪರಿಚಿತ ಮಲಗಿದ್ದಾನೆ, ಅವನ ಮೈ ಒರೆಸಬೇಕು.

ಹಿಂದಿನ ರಜೆಯಲ್ಲಿ ಬಿಸ್ಕಿಟ್ ಡಬ್ಬಿಗೆ ತೂತು ಕೊರೆದು, ಅದರಲ್ಲಿ ಯಾರ ಕಣ್ಣಿಗೂ ಬೀಳದಂತೆ ಎರಡು ಹಲ್ಲಿ ತಂದಿದ್ದರು. ಕ್ರೆಸ್ಟೆಡ್ ಗೆಕ್ಕೊ ಅಂತೆ. ಯಾವುದೋ ದೂರದ ದ್ವೀಪದ ಜಾತಿ, ಯುರೋಪಿನಲ್ಲಿ ಜನ ಪ್ರೀತಿಯಿಂದ ಸಾಕುತ್ತಾರಂತೆ. ಕಣ್ಣಿನ ಮೇಲೆ ರೆಪ್ಪೆಯ ಹಾಗೆ ಮುಳ್ಳಿನ ಸಾಲು. ನಿಜವಾದ ರೆಪ್ಪೆ ಇಲ್ಲ, ನಾಲಗೆಯಿಂದ ಕಣ್ಣು ನೆಕ್ಕಿಕೊಳ್ಳುತ್ತವೆ. ಒಂದು ಗಂಡು, ಒಂದು ಹೆಣ್ಣು. ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು ಫಲ ನೋಡುವ ಮನೆಯಲ್ಲಿ ಹುಟ್ಟಿದವಳು ನಾನು. ನನಗೆ ಗಂಡ ತಂದ ಉಡುಗೊರೆ ಹಲ್ಲಿ.

ದೀಪಾವಳಿ ಹೊತ್ತಿಗೆ ಊರುಗೋಲು ಹಿಡಿದು ನಿಲ್ಲಬಹುದು ಎಂದಿದ್ದಾರೆ. ನಿಂತ ಮೇಲೆ ಅವರ ಹಲ್ಲಿ ಅವರೇ ನೋಡಿಕೊಳ್ಳಲಿ.

ಜೂನ್ 17

ಪೇಪರ್ ಪ್ರಯೋಜನವಿಲ್ಲ. ಮಳೆಗಾಲದ ಗಾಳಿಗೆ ಒಂದೇ ದಿನದಲ್ಲಿ ಹಿಟ್ಟಿನ ಹಾಗೆ ಆಗುತ್ತದೆ. ಹಲ್ಲಿಗಳ ಬೆರಳಿಗೆಲ್ಲ ಮಸಿ. ಆ ಬೆರಳುಗಳಿಂದಲೇ ಅವು ಗಾಜು ಹಿಡಿದು ಏರುವುದು. ಮಸಿ ಮೆತ್ತಿದರೆ ಜಾರಿ ಬೀಳುತ್ತವೆ. ಹಿಂದಿನ ಕೋಣೆಯಿಂದ ದಿನಕ್ಕೆ ಹತ್ತು ಸಲ 'ಟಪ್' ಎಂಬ ಸದ್ದು.

ಇವರನ್ನು ಮಗ್ಗುಲು ಹೊರಳಿಸಲು ನನ್ನೊಬ್ಬಳಿಂದ ಆಗುವುದಿಲ್ಲ. ಇವತ್ತಿನಿಂದ ಕಾಮಿ ಬರುತ್ತಿದ್ದಾಳೆ. ಐವತ್ತರ ಹೆಂಗಸು, ತೋಳು ಗಟ್ಟಿ. ನಾನು ಶಾಲೆಯಲ್ಲಿರುವಷ್ಟು ಹೊತ್ತು ಇರುತ್ತಾಳೆ. ಪೆಟ್ಟಿಗೆಯೊಳಗೆ ಇಣುಕಿ ನೋಡಿ ನಕ್ಕಳು.

"ಅಕ್ಕೋರೇ, ಗ್ವಾಡೆ ಮೇಲೆ ಬೇಕಾದಷ್ಟು ಅದೆ. ಮತ್ತೆ ಇದ್ನ ಪೆಟ್ಗೆಲಿ ಹಾಕಿ ಸಾಕೂದು ಎಂತಕ್ರಾ?"

ಪೆಟ್ಟಿಗೆಯ ಮುಚ್ಚಳ ಹಾಕಿ ಅವಳಿಗೆ ಕೆಲಸ ತೋರಿಸಿದೆ.

ಜುಲೈ 6

ಸಾಮಿಲ್ಲಿನ ಜಟ್ಟಪ್ಪ ಒಂದು ಚೀಲ ಮರದ ಹೊಟ್ಟು ಕೊಟ್ಟ. ಒಣಗಿತ್ತು, ಒಳ್ಳೆಯ ವಾಸನೆಯಿತ್ತು. ಎರಡಿಂಚು ಹಾಸಿದೆ. ಸಂಜೆಯ ಹೊತ್ತಿಗೆ ಹೆಣ್ಣು ಹಲ್ಲಿ ಬಾಯಿ ತೆರೆದು ಕೂತಿತ್ತು. ಕಣ್ಣಿಗೆಲ್ಲ ಧೂಳು, ನೆಕ್ಕಿ ನೆಕ್ಕಿ ನಾಲಗೆಯೂ ಕಂದುಬಣ್ಣ. ಇವರಿಗೆ ಹೇಳಿದೆ. ಎದ್ದು ಕೂರಲು ನೋಡಿದರು. ಅರೆಕ್ಷಣ ಮರೆತಿದ್ದರು ಅಂತ ಕಾಣುತ್ತದೆ.

"ತೆಗೆ ಮಂದಾ, ಈಗ್ಲೇ ತೆಗೆ! ಮರದ ಎಣ್ಣೆ ಅದ್ರ ಉಸಿರಿಗೆ ವಿಷ."

ತೆಗೆದೆ. ಒದ್ದೆ ಬಟ್ಟೆಯಿಂದ ಒಳಗೆಲ್ಲ ಒರೆಸಿದೆ. ಆಮೇಲೆ ಸ್ವಲ್ಪ ಮೆತ್ತಗಾಗಿ ಹೇಳಿದರು. ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ಇರಬೇಕಂತೆ. ಮೊಟ್ಟೆ ಇಡಲು ಅದಕ್ಕೆ ಕೆದಕಿ ಗುಂಡಿ ಮಾಡುವಂಥದ್ದು ಬೇಕು, ಬರೀ ಕಾಗದ ಸಾಲದು. ಮೆತ್ತಗಿರಬೇಕು, ತೇವ ಹಿಡಿಯಬೇಕು, ಆದರೆ ಒದ್ದೆ ಇರಬಾರದು, ಧೂಳು ಏಳಬಾರದು. ತೆಂಗಿನ ನಾರಿನ ಪುಡಿ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು.

ನಾರು ಬಿಡಿಸುವವರು ಮಳೆ ನಿಂತ ಮೇಲೆ ಬನ್ನಿ ಎಂದರು.

ಜುಲೈ 28, ಕಾರವಾರ

ಆಸ್ಪತ್ರೆಯ ವರಾಂಡದಲ್ಲಿ ಬರೆಯುತ್ತಿದ್ದೇನೆ. ಇವರ ಬೆನ್ನಿನ ಕೆಳಗೆ, ಬಾಲಮೂಳೆಯ ಹತ್ತಿರ, ಎಂಟಾಣೆಯಷ್ಟು ಜಾಗದಲ್ಲಿ ಚರ್ಮ ಕೆಂಪಾಗಿ ನಡುವೆ ಒಡೆದಿದೆ. ಹಾಸಿಗೆಹುಣ್ಣು ಎಂದರು ಡಾಕ್ಟರು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಹಾಸಿಗೆಯಲ್ಲಿ ಒಂದು ಸುಕ್ಕೂ ಇರಬಾರದು, ತೇವ ಇರಬಾರದು. "ಕಮ್ಮಿ ಆಗದಿದ್ದರೆ ತಡ ಮಾಡಬೇಡಿ, ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ" ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಇವರಿಗೆ ಅಲ್ಲಿ ನೋವಿಲ್ಲ. ಹುಣ್ಣು ಇದೆ ಎಂಬುದೇ ಗೊತ್ತಿಲ್ಲ. "ಎಂತ ಹೇಳಿದ್ರು?" ಎಂದು ಕೇಳಿದರು. "ಸ್ವಲ್ಪ ಕೆಂಪಾಗದೆ ಅಂದ್ರು, ಪೌಡರ್ ಹಾಕೂದು" ಎಂದೆ.

ಆಂಬುಲೆನ್ಸಿಗೆ ಕಾಯುವಾಗ ಕಡಲತೀರಕ್ಕೆ ನಡೆದೆ. ಮಳೆ ಬಿಟ್ಟಿತ್ತು. ಎಷ್ಟು ಚಂದದ ಮರಳು, ಬೇಲೆಕೇರಿ ಬಂದರಿನದರ ಹಾಗೆ ಅದಿರಿನ ಕೆಂಪು ಬಿದ್ದದ್ದಲ್ಲ. ಇದನ್ನು ತೊಳೆದು ಹುರಿದರೆ ಕ್ರಿಮಿ ಇರುವುದಿಲ್ಲ, ಧೂಳು ಏಳುವುದಿಲ್ಲ, ತೇವ ಹಿಡಿಯುತ್ತದೆ, ಕೆದಕಲೂ ಬರುತ್ತದೆ. ಇಷ್ಟು ಸುಲಭದ್ದು ಇವರಿಗೆ ಹೊಳೆಯಲಿಲ್ಲವಲ್ಲ. ಎರಡು ಚೀಲ ತುಂಬಿಕೊಂಡೆ. ಇವರನ್ನು ಕೇಳಲಿಲ್ಲ. ಕೇಳಿದರೆ ಇನ್ನೊಂದು ಪಾಠ ಶುರುವಾಗುತ್ತದೆ. ಪಾಠ ಹೇಳುವುದು ನನ್ನ ಕೆಲಸ, ಕೇಳಿಸಿಕೊಂಡು ಸಾಕಾಗಿದೆ.

ಆಗಸ್ಟ್ 15

ಧ್ವಜ ಹಾರಿಸಿ ಬಂದು ಮರಳಿನ ಕೆಲಸ ಮುಗಿಸಿದೆ. ಏಳು ನೀರಲ್ಲಿ ತೊಳೆದು, ಕಬ್ಬಿಣದ ಬಾಣಲೆಯಲ್ಲಿ ಹುರಿದು, ಆರಿಸಿ, ಜರಡಿ ಹಿಡಿದು ಹಾಸಿದೆ. ಹೆಣ್ಣು ಇಳಿದುಬಂದು ಒಂದು ಕಾಲಿನಿಂದ ಮೆಲ್ಲಗೆ ಕೆದಕಿತು. ಬಹಳ ಹೊತ್ತು ನೋಡುತ್ತ ಕೂತಿದ್ದೆ. ಕಾಮಿ ಊಟಕ್ಕೆ ಕರೆದದ್ದು ಕೇಳಿಸಲಿಲ್ಲ.

ಹುಣ್ಣು ಒಂದು ರೂಪಾಯಿಯಷ್ಟು ಆಗಿದೆ. ಅದರ ತಳ ಬಿಳಿ.

ಆಗಸ್ಟ್ 24

ಹೆಣ್ಣು ನಾಲ್ಕು ದಿನದಿಂದ ಏನೂ ತಿಂದಿಲ್ಲ. ಬಾಳೆಹಣ್ಣು ಕಿವುಚಿ ಜೇನು ಬೆರೆಸಿ ಇಟ್ಟದ್ದು ಹಾಗೇ ಇದೆ. ಹೊಟ್ಟೆ ಉಬ್ಬಿದೆ. ಮೊಟ್ಟೆ ಇಡುವ ಲಕ್ಷಣ ಇರಬೇಕು ಎಂದುಕೊಂಡೆ.

ಆಗಸ್ಟ್ 27

ಸತ್ತಿದೆ. ಹೊಟ್ಟೆ ಮುಟ್ಟಿದರೆ ಕಲ್ಲು. ಜಿರಳೆಮರಿ ಹಿಡಿಯಲು ನಾಲಗೆ ಚಾಚಿದಾಗಲೆಲ್ಲ ಮರಳೂ ಒಳಗೆ ಹೋಗಿದೆ. ತಿಂದದ್ದು ಹೊರಬರಲು ದಾರಿ ಇರಲಿಲ್ಲ. ಜೀರ್ಣಾಂಗವ್ಯೂಹದ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೆ.

ದಾಸವಾಳದ ಬುಡದಲ್ಲಿ ಹುಗಿದೆ. ಪೆಟ್ಟಿಗೆ ಖಾಲಿ ಮಾಡಿ ಗಂಡು ಹಲ್ಲಿಯನ್ನು ಬರಿಯ ಗಾಜಿನ ಮೇಲೆ ಬಿಟ್ಟೆ.

ಇವರು ಕೇಳಿದರು: "ಹೆಣ್ಣು ಹೇಗದೆ?"

"ಚಲೋ ಅದೆ" ಎಂದೆ.

ಸೆಪ್ಟೆಂಬರ್ 5

ಚವತಿಗೆ ಇವರ ತಂಗಿ ವೈಶಾಲಿ ಕದ್ವಾಡದಿಂದ ಬಂದು ಎರಡು ದಿನ ಇದ್ದಳು. ಅಣ್ಣನೆಂದರೆ ಪ್ರಾಣ. ಹೊಸಿಲಲ್ಲೇ ಕಣ್ಣು ಒರೆಸಿಕೊಂಡು, ನಗುತ್ತ ಒಳಗೆ ಹೋಗುತ್ತಾಳೆ. ಹಬ್ಬದ ದಿನ ಇವರು ಏನೂ ಮುಟ್ಟಲಿಲ್ಲ. ನಿನ್ನೆಯೂ ಇಲ್ಲ. ಇವತ್ತು ವೈಶಾಲಿ ಹೊರಟಮೇಲೆ ಗೋಡೆಯ ಕಡೆ ಮುಖ ಮಾಡಿ ಹೇಳಿದರು:

"ನಂಗೆ ಉಣ್ಸೂದೆಲ್ಲ ಎಂತಕ್ಕೆ ಮಂದಾ? ಇದ್ರಿಂದ ಎಂತ ಬರೂದದೆ?"

ತಟ್ಟೆ ಹಿಡಿದು ನಿಂತಿದ್ದೆ. ಏನೋ ಒಂದು ಹೇಳಬೇಕಿತ್ತು. "ನಿಮ್ಮ ಹೆಣ್ಣು ಮೊಟ್ಟೆ ಇಟ್ಟದೆ. ಎರಡು" ಎಂದುಬಿಟ್ಟೆ.

ತಲೆ ತಿರುಗಿಸಿದರು. ಅವರ ಮುಖದಲ್ಲಿ ಅಂಥದ್ದೊಂದನ್ನು ನಾನು ನೋಡಿಯೇ ಇರಲಿಲ್ಲ. ಮದುವೆಯ ದಿನವೂ ಇಲ್ಲ. "ನಿಜವಾ? ಬಿಳೀ ಅದ್ಯಾ? ಉದ್ದ ಅದ್ಯಾ?" ಎಂದು ಕೇಳಿದರು. ಹೌದು, ಹೌದು ಎಂದೆ. ಎರಡು ದೋಸೆ ತಿಂದರು.

ಸೆಪ್ಟೆಂಬರ್ 14

ಕ್ಯಾಲೆಂಡರ್ ತರಿಸಿಕೊಂಡು ಎಣಿಸಿದ್ದಾರೆ. ಎಪ್ಪತ್ತೈದು ದಿನಕ್ಕೆ ಮರಿ ಆಗಬೇಕಂತೆ, ಅಂದರೆ ನವೆಂಬರ್ ಹತ್ತೊಂಬತ್ತು. ಮೊಟ್ಟೆಗಳನ್ನು ಬೇರೆ ಡಬ್ಬಿಯಲ್ಲಿ ತೇವದ ನಾರಿನ ಪುಡಿಯೊಳಗೆ ಇಡಬೇಕು, ಇಟ್ಟ ಮೇಲೆ ಮಗುಚಬಾರದು. "ನಾರಿನ ಪುಡಿ ಹೇಗಾದ್ರೂ ಮಾಡಿ ತಾ" ಎಂದು ಗೋಗರೆದರು.

ಇಲ್ಲದ ಮೊಟ್ಟೆಗೆ ಹಾಸು ಹುಡುಕಿಕೊಂಡು ಮಂಜಗುಣಿಯವರೆಗೆ ಹೋದೆ. ಅಲ್ಲಿ ಒಬ್ಬರ ಅಂಗಳದಲ್ಲಿ ಪುಡಿಯ ರಾಶಿಯೇ ಇತ್ತು. ಕಾಯಿಸಿಪ್ಪೆಯನ್ನು ಹೊಳೆಯ ಉಪ್ಪುನೀರಿನಲ್ಲಿ ಕೊಳೆಹಾಕಿ ನಾರು ಬಿಡಿಸುವುದರಿಂದ ಪುಡಿಯಲ್ಲಿ ಉಪ್ಪು ಇರುತ್ತದೆ. ಹಲ್ಲಿಯ ಚರ್ಮಕ್ಕೆ ಆಗುವುದಿಲ್ಲ, ತೊಳಿ ಎಂದು ಇವರು ಹೇಳಿ ಕಳಿಸಿದ್ದರು. ಬಾವಿಕಟ್ಟೆಯ ಮೇಲೆ ಕೂತು ನೆನೆಸಿ ಹಿಂಡಿದೆ. ಹಿಂಡಿದ ನೀರನ್ನು ಪ್ರತಿ ಸಲವೂ ನಾಲಗೆಗೆ ಹಚ್ಚಿ ನೋಡಿದೆ. ಹನ್ನೊಂದನೆಯ ನೀರಿಗೆ ಉಪ್ಪು ಹೋಯಿತು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಅದೇ ಅದರ ಹದ. ಇಷ್ಟು ಸರಿಯಾಗಿ ನಾನು ಯಾವುದನ್ನೂ ಮಾಡಿರಲಿಲ್ಲ.

ಗಂಡು ಅದರ ಮೇಲೆ ಇಳಿದು, ಮೈ ಚಾಚಿ, ಮಲಗಿತು.

ಅಕ್ಟೋಬರ್ 3

ಹುಣ್ಣಿನೊಳಗೆ ಈಗ ಹತ್ತಿ ತುರುಕಬೇಕಾಗುತ್ತದೆ. ಕಾಮಿ ಹೇಳಿದಂತೆ ಬಾಳೆಯ ಕುಡಿ ಎಲೆ ಹಾಸಿ ಮಲಗಿಸುತ್ತೇನೆ. ತಂಪಾಗಿರುತ್ತದೆ, ಅಂಟುವುದಿಲ್ಲ. ವಾಸನೆ ಬರದಿರಲೆಂದು ಬೆಳಿಗ್ಗೆಯೂ ಸಂಜೆಯೂ ಧೂಪ ಹಾಕುತ್ತೇನೆ.

"ಗಾಯ ಹೇಗದೆ?"

"ಒಣಗ್ತಾ ಬಂತು."

ಹುಬ್ಬಳ್ಳಿಗೆ ಹೋಗುವುದೆಂದರೆ ಆ ಘಟ್ಟದ ರಸ್ತೆಯಲ್ಲಿ ಅಷ್ಟು ತಾಸು ಕುಲುಕಾಟ. ಅದಕ್ಕಿಂತ ಮೊದಲು, ಯಾಕೆ ಹೋಗಬೇಕು ಎಂದು ಹೇಳಬೇಕು. ಮರಿ ಆಗುವವರೆಗೆ ಇರಲಿ ಎಂದುಕೊಂಡೆ. ಬರೆದ ಮೇಲೆ ಓದಿದೆ. ಯಾವ ಮರಿ?

ಅಕ್ಟೋಬರ್ 12

ಪೆಟ್ಟಿಗೆ ತೊಳೆಯಲು ಗಂಡು ಹಲ್ಲಿಯನ್ನು ಹಿಡಿದೆ. ಬಾಲ ಕಳಚಿ ನೆಲದ ಮೇಲೆ ಬಿದ್ದು ಒದ್ದಾಡಿತು. ಹೆದರಲಿಲ್ಲ, ಹಲ್ಲಿಯ ಬಾಲ ಮತ್ತೆ ಬೆಳೆಯುತ್ತದೆ ಎಂದು ಎಂಟನೆಯ ತರಗತಿಗೆ ಪ್ರತಿ ವರ್ಷ ಹೇಳುತ್ತೇನೆ. ಇವರಿಗೂ ಹಾಗೇ ಹೇಳಿದೆ.

"ಊರ ಹಲ್ಲಿಯದು ಬೆಳೀತದೆ. ಈ ಜಾತೀದು ಹೋದ್ರೆ ಹೋಯ್ತು. ಹಾಗೇ ಇರ್ತದೆ ಅದು, ಬಾಲ ಇಲ್ದೆ" ಎಂದರು.

ಅಕ್ಟೋಬರ್ 28

ದೀಪಾವಳಿ. ಗಾಯಕ್ಕೆ ನೀರು ತಾಗಬಾರದೆಂದು ತಲೆಗೆ ಮಾತ್ರ ಎಣ್ಣೆ ಹಚ್ಚಿ ತೊಳೆದೆ. ಕೂದಲು ಮಗುವಿನದರ ಹಾಗೆ ತೆಳುವಾಗಿದೆ. ಕಾಮಿ ಬಾಗಿಲಿಗೆ ಎರಡು ಹಣತೆ ಇಟ್ಟುಹೋದಳು.

ನವೆಂಬರ್ 19

ಶಾಲೆಯಿಂದ ಬಂದಾಗ ಕಾಮಿ ಅಂಗಳದಲ್ಲೇ ನಿಂತಿದ್ದಳು.

"ಅಕ್ಕೋರೇ, ನಾ ಎಂತ ತಪ್ಪು ಮಾಡ್ದೆ ಗೊತ್ತಿಲ್ಲ. ಮೊಟ್ಟೆ ಒಡಿದದ್ಯಾ ನೋಡ್ಕಂಬಾ ಅಂದ್ರು ಒಡೆಯರು. ಯಾವ ಮೊಟ್ಟೆ ಒಡೆಯಾ, ಹೆಣ್ಣು ಮರಳು ತಿಂದು ಸತ್ತು ಮೂರು ತಿಂಗ್ಳಾಯ್ತಲ್ರಾ ಅಂದೆ. ಆಗಿಂದ ಮಾತೇ ಇಲ್ಲ."

ಒಳಗೆ ಹೋದೆ. ಗೋಡೆಯ ಕಡೆ ತಿರುಗಿದ್ದರು.

"ಮರಳು ಹಾಕಿದ್ಯೇನೆ?"

"ಹೌದು."

"ನನ್ನ ಕೇಳಿದ್ರೆ ಹೇಳ್ತಿದ್ನಲ್ಲೇ."

"ಅದಕ್ಕೇ ಕೇಳ್ಲಿಲ್ಲ" ಎಂದೆ. ನಿಜ ಅದೇ ಆಗಿತ್ತು.

ಹಾಲು ತಂದಿಟ್ಟೆ. ಹಾಲು ಹಾಗೇ ಆರಿತು.

ನವೆಂಬರ್ 20

ಮಾತಿಲ್ಲ.

ನವೆಂಬರ್ 21

ಬೆಳಿಗ್ಗೆ ಗಾಯ ತೊಳೆಯಲು ಬಿಸಿನೀರು ತಂದಾಗ ಕೇಳಿದರು. ದನಿ ಗಟ್ಟಿಯಿರಲಿಲ್ಲ.

"ಮಂದಾ, ಬೆನ್ನಿನ ಗಾಯ ಒಣಗ್ತಾ ಬಂತು ಅಂತಿಯಲ್ಲ. ಅದೂ ಮೊಟ್ಟೆ ಥರಾನೇ?"

ಕೈಯಲ್ಲಿ ಹತ್ತಿ ಇತ್ತು. ಅದನ್ನು ಬಿಸಿನೀರಿಗೆ ಅದ್ದಿದೆ.

"ಕನ್ನಡಿ ತಾ" ಎಂದರು.

"ಬೇಡ."

"ತಾ ಅಂದೆ."

ಬಚ್ಚಲಿನ ಕನ್ನಡಿಯನ್ನು ಕಾಮಿ ಹಿಂದೆ ಹಿಡಿದಳು, ಕಪಾಟಿನ ಕನ್ನಡಿಯನ್ನು ನಾನು ಎದುರು ಹಿಡಿದೆ. ಸ್ವಲ್ಪ ಮೇಲೆ, ಸ್ವಲ್ಪ ಎಡಕ್ಕೆ ಎಂದು ಅವರೇ ಹೇಳಿದರು, ಯಂತ್ರದ ಒಳಗೆ ಬಿರುಕು ಹುಡುಕುವವರ ಹಾಗೆ. ಆಮೇಲೆ ಕಂಡಿತು. ಅಂಗೈ ಹಿಡಿಯುವಷ್ಟು ಗುಂಡಿ, ಅಂಚೆಲ್ಲ ಕಪ್ಪು, ನಡುವೆ ಮೂಳೆ. ನಾನು ದಿನವೂ ನೋಡುತ್ತಿದ್ದೆ. ಇವತ್ತು ಅವರ ಮುಖದಲ್ಲಿ ಅದನ್ನು ನೋಡಿದ ಮೇಲೆ ಅದು ಎಷ್ಟು ದೊಡ್ಡದು ಎಂದು ಗೊತ್ತಾಯಿತು.

ಕಾಮಿ ಕನ್ನಡಿ ಇಟ್ಟು ಹೊರಗೆ ಹೋದಳು.

"ಇನ್ನು ಮೇಲೆ ಇದ್ದದ್ದು ಇದ್ದ ಹಾಗೆ ಹೇಳ್ಬೇಕು. ನಂಗೆ ಕಾಣೂದಿಲ್ಲ, ಗೊತ್ತಾಗೂದೂ ಇಲ್ಲ. ನೀನೂ ಹೇಳ್ದಿದ್ರೆ ನಾನು ಇಲ್ಲಿ ಯಾರ ಸಂಗ್ತಿ ಇರೂದು?" ಎಂದರು.

ಹೇಳುತ್ತೇನೆ ಎಂದೆ. ಅವರ ಕಾಲ ಬಳಿ ನೆಲದ ಮೇಲೆ ಕೂತು ಅತ್ತೆ. ಅಳಬೇಡ ಎನ್ನಲಿಲ್ಲ. ಧೂಪದ ವಾಸನೆ ತಲೆನೋವು ಬರಿಸುತ್ತದೆ, ಇನ್ನು ಹಾಕಬೇಡ ಎಂದರು.

ಡಿಸೆಂಬರ್ 4

ಹುಬ್ಬಳ್ಳಿಗೆ ಹೋಗಿ ಬಂದೆವು. ದೊಡ್ಡ ಆಸ್ಪತ್ರೆ. ನಂಜು ಮೂಳೆಗೆ ಇಳಿದಿದೆ, ಈಗ ಶಸ್ತ್ರಚಿಕಿತ್ಸೆ ಮಾಡಿದರೆ ದೇಹ ತಡೆಯುವುದಿಲ್ಲ ಎಂದರು. ಅಲ್ಲಿಯ ಡಾಕ್ಟರು ಕಾರವಾರದ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಜುಲೈಯಲ್ಲೇ ಬರೆದಿದ್ದಾರಲ್ಲ ಇಲ್ಲಿಗೆ ಬನ್ನಿ ಅಂತ. ಸೆಪ್ಟೆಂಬರ್‌ನಲ್ಲಿ ಬಂದಿದ್ದರೂ ಏನಾದರೂ ಮಾಡಬಹುದಿತ್ತು. ಯಾಕೆ ಬರಲಿಲ್ಲ?" ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಇವರು ಹೇಳಿದರು: "ಇವಳು ಬರೂಕೆ ಹೇಳ್ತಾನೇ ಇದ್ಲು. ನಾನೇ ಬೇಡ ಅಂದೆ."

ಡಾಕ್ಟರು ಇವರಿಗೆ ಬೈದರು. ಇವರು ತಲೆಯಾಡಿಸುತ್ತ ಕೇಳಿಸಿಕೊಂಡರು.

ಇಳಿಯುವಾಗ ಘಟ್ಟದ ತಿರುವುಗಳಲ್ಲಿ ಅವರ ತಲೆ ಹಿಡಿದು ಕೂತಿದ್ದೆ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಬೇಕೆಂದಿತ್ತು. ಕೇಳಲಿಲ್ಲ.

ಡಿಸೆಂಬರ್ 9

ಪೆಟ್ಟಿಗೆಯನ್ನು ಇವರ ಕೋಣೆಗೆ ತಂದೆವು, ಮಲಗಿದಲ್ಲಿಂದ ಕಾಣುವ ಹಾಗೆ. ಬಾಲವಿಲ್ಲದ್ದನ್ನು ನೋಡಿ ಸ್ವಲ್ಪ ನಕ್ಕರು. "ಕಪ್ಪೆ ಥರ ಆಗದೆ" ಎಂದರು.

ಡಿಸೆಂಬರ್ 15

ನಾರಿನ ಪುಡಿ ಒಳ್ಳೆಯದೇ, ಆದರೆ ಅದರ ತೇವಕ್ಕೆ ಸಣ್ಣ ಸಣ್ಣ ನೊಣ ಹುಟ್ಟುತ್ತವೆ. ತೆರೆದ ಗಾಯ ಇರುವ ಕೋಣೆಯಲ್ಲಿ ನೊಣ ಆಗುವುದಿಲ್ಲ. ಇಬ್ಬರೂ ಕೂತು, ಅಂದರೆ ನಾನು ಕೂತು ಅವರು ಮಲಗಿ, ಒಂದು ತಾಸು ಇದನ್ನೇ ಚರ್ಚಿಸಿದೆವು. ಇನ್ನು ಮೊಟ್ಟೆ ಇಡುವವರು ಯಾರೂ ಇಲ್ಲ, ಕೆದಕುವಂಥದ್ದು ಬೇಡ. ಬಟ್ಟೆ ಹಾಸಿದರೆ ಎಳೆ ಬೆರಳಿಗೆ ಸುತ್ತಿಕೊಳ್ಳಬಹುದು. ಕಾಗದವೇ ಸರಿ, ಆದರೆ ಮಸಿ ಇಲ್ಲದ್ದು, ನೀರು ಹೀರುವಂಥದ್ದು. ಶಾಲೆಯಲ್ಲಿ ಹಳೆಯ ಉತ್ತರಪತ್ರಿಕೆಗಳ ಖಾಲಿ ಹಾಳೆಗಳಿವೆ ಎಂದೆ, ಒರಟು ಕಾಗದ. "ಅದೇ ಆಗ್ತದೆ" ಎಂದರು. ಮುಖ್ಯಾಧ್ಯಾಪಕ ಅನಂತ ಮಾಸ್ತರರು ಒಂದು ಕಟ್ಟು ಕೊಟ್ಟರು. ಯಾಕೆಂದು ಕೇಳಿ, ಉತ್ತರ ಕೇಳಿ, ಇನ್ನೂ ಒಂದು ಕಟ್ಟು ಕೊಟ್ಟರು.

ಬೆಳಿಗ್ಗೆ ಮೊದಲು ಇವರ ಹಾಸು ಬದಲಿಸುತ್ತೇನೆ, ಆಮೇಲೆ ಅದರದು. ಎರಡರಲ್ಲೂ ಸುಕ್ಕು ಇರಬಾರದು.

2009 ಜನವರಿ 11

ಫೂಟ್‌ಪಟ್ಟಿ ಬಿಸಿನೀರಲ್ಲಿ ಕುದಿಸಿ ಗಾಯ ಅಳೆಯುತ್ತೇನೆ. ಹೇಳುತ್ತೇನೆ. ಇವತ್ತು ನಾಲ್ಕು ಇಂಚು ಮೂರು ಗೀಟು. "ನಿನ್ನೆಗಿಂತ?" "ಒಂದು ಗೀಟು ಜಾಸ್ತಿ." "ಸರಿ."

ಮಧ್ಯಾಹ್ನ ಅವರು ಹಡಗಿನ ಕತೆ ಹೇಳಿದರು. ಎಂಜಿನ್ ಕೋಣೆಯ ಶಾಖದಲ್ಲಿ ಎಂಟು ತಾಸು ದುಡಿದು ಬಂದರೆ ಮಾತಾಡಲು ತ್ರಾಣ ಇರುತ್ತಿರಲಿಲ್ಲವಂತೆ. ಒಂದು ಬಂದರಿನಲ್ಲಿ ಇಳಿದಾಗ ಅಂಗಡಿಯ ಕಿಟಕಿಯಲ್ಲಿ ಈ ಎರಡು ಪ್ರಾಣಿ ಕಂಡವು, ಗಾಜಿಗೆ ಅಂಟಿಕೊಂಡು, ಸದ್ದಿಲ್ಲದೆ. ಹದಿನೈದು ವರ್ಷ ಬದುಕುತ್ತವೆ ಎಂದು ಅಂಗಡಿಯವ ಹೇಳಿದ. "ಆಗ ಅಂದ್ಕಂಡೆ, ಇವು ಮನೇಲಿದ್ರೆ ನಾನೂ ಮನೇಲಿರೂಕೆ ಕಲಿಬಹುದು ಅಂತ."

ಹದಿನಾಲ್ಕು ವರ್ಷದಲ್ಲಿ ಇದನ್ನು ಅವರು ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಫೆಬ್ರವರಿ 22

ಈ ವರ್ಷ ಸೆಕೆ ಬೇಗ ಬಂತು. ಇಪ್ಪತ್ತೆಂಟು ಡಿಗ್ರಿ ದಾಟಿದರೆ ಆ ಪ್ರಾಣಿ ತಾಳುವುದಿಲ್ಲ. ಪ್ರಯೋಗಾಲಯದ ಥರ್ಮಾಮೀಟರ್ ಒಳಗೆ ಇಟ್ಟಿದ್ದೇನೆ. ಮಧ್ಯಾಹ್ನ ಮೂವತ್ತೆರಡು. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಬಟ್ಟೆ ಸುತ್ತಿ ಪಕ್ಕಕ್ಕಿಡುತ್ತೇನೆ. ಕರೆಂಟು ಹೋದರೆ ಅದೂ ಇಲ್ಲ. ಇವರಿಗೂ ದಿನವೂ ಜ್ವರ. ಒಂದು ಥರ್ಮಾಮೀಟರ್ ಇವರದು, ಒಂದು ಅದರದು. ಎರಡೂ ಇಳಿಯುವುದಿಲ್ಲ.

ಮಾರ್ಚ್ 19

ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ಪರೀಕ್ಷೆಯ ಕೆಲಸ ಮುಗಿಸಿ ನಾಲ್ಕಕ್ಕೆ ಬಂದೆ. ಪೆಟ್ಟಿಗೆಯೊಳಗೆ ಮೂವತ್ತೈದು ಡಿಗ್ರಿ. ಗಂಡು ಹಾಳೆಯ ಮೇಲೆ ಅಂಗಾತ ಬಿದ್ದಿತ್ತು. ಇವರು ನಿದ್ದೆಯಲ್ಲಿದ್ದರು. ಎಬ್ಬಿಸಿದೆ.

"ಸತ್ತದೆ" ಎಂದೆ.

"ಇಲ್ಲಿ ಕೊಡು."

ಅಂಗೈ ಮೇಲಿಟ್ಟೆ. ಹೆಬ್ಬೆರಳಿನಿಂದ ಅದರ ತಲೆಯ ಮುಳ್ಳುಗಳನ್ನು ಸವರಿದರು. ಆಮೇಲೆ "ಹಾಸು ಚಲೋ ಇತ್ತು ಮಂದಾ. ಅದ್ರಲ್ಲಿ ತಪ್ಪು ಇರ್ಲಿಲ್ಲ. ಸೆಕೆ ನಮ್ಮ ಕೈಲಿಲ್ಲ" ಎಂದರು.

ಗಾಯ ಐದು ಇಂಚು ಎರಡು ಗೀಟು. ಅದನ್ನೂ ಹೇಳಿದೆ.

ಮಾರ್ಚ್ 30

ಇವತ್ತು ಅಳೆಯಲಿಲ್ಲ. ಅವರೂ ಕೇಳಲಿಲ್ಲ. ಹಾಸು ಮಾತ್ರ ಬದಲಿಸಿದೆ. ನನ್ನನ್ನು ತಮ್ಮ ತಾಯಿಯೆಂದುಕೊಂಡು "ಆಯೀ" ಎಂದು ಕರೆದರು. ಹಾಂ ಎಂದೆ.

ಏಪ್ರಿಲ್ 2

ಬೆಳಿಗ್ಗೆ ಹತ್ತೂಕಾಲು.

ಏಪ್ರಿಲ್ 17

ಕರ್ಮಗಳೆಲ್ಲ ಮುಗಿದು ಮನೆ ಖಾಲಿಯಾಯಿತು. ಕಾಮಿ ಹಾಸಿಗೆಯನ್ನು ಅಂಗಳದಲ್ಲಿ ಬಿಸಿಲಿಗೆ ಹಾಕಿದಳು. ಬೆಳಿಗ್ಗೆ ಎದ್ದವಳೇ ಗಾಜಿನ ಪೆಟ್ಟಿಗೆಯ ಹಾಳೆ ತೆಗೆದು ಬೇರೆ ಹಾಸಿದೆ. ಹಳೆಯದು ಒಣಗಿಯೇ ಇತ್ತು.

ಏಪ್ರಿಲ್ 20

ಅಣ್ಣನ ಬಟ್ಟೆ ಒಂದೆರಡು ಬೇಕೆಂದು ವೈಶಾಲಿ ಬಂದಿದ್ದಳು. ಅವರ ನೀಲಿ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಚಹಾ ಮಾಡಿಕೊಟ್ಟೆ. ನನ್ನ ಕೈ ಹಿಡಿದುಕೊಂಡಳು.

"ವೈನಿ, ನೀವು ಮಾಡಿದ್ದು ಯಾರೂ ಮಾಡೂದಿಲ್ಲ. ಅಣ್ಣಂದೇ ಹಟ. ಹುಬ್ಬಳ್ಳಿಗೆ ಹೋಗೂದು ಬೇಡ ಅಂತ ಅವನೇ ಹೇಳಿದ್ದಂತಲ್ಲ. ಫೋನಲ್ಲಿ ನಂಗೂ ಅಂದಿದ್ದ, ನಿನ್ನ ವೈನಿದು ಎಂತದೂ ತಪ್ಪಿಲ್ಲ, ನಾನೇ ಕೇಳ್ಲಿಲ್ಲ ಅಂತ."

ಅವಳಿಗೂ ಹೇಳಿಟ್ಟಿದ್ದರು, ನನಗೆ ತಿಳಿಸದೆ. ಸುಮ್ಮನಿದ್ದರೆ ಸಾಕಿತ್ತು. ಚಹಾ ಕುಡಿದು ಬಸ್ಸಿಗೆ ಹೋಗುತ್ತಿದ್ದಳು. ಚವತಿಗೆ ಮತ್ತೆ ಬರುತ್ತಿದ್ದಳು.

"ಇಲ್ಲ ವೈಶಾಲಿ. ಅವರು ಬೇಡ ಅನ್ಲಿಲ್ಲ. ಅವರಿಗೆ ಗೊತ್ತೇ ಇರ್ಲಿಲ್ಲ. ಡಾಕ್ಟರು ಹೇಳಿದ್ದು ಜುಲೈಲಿ, ನಂಗೆ. ನಾನು ನವೆಂಬರ್‌ವರೆಗೆ ಒಣಗ್ತಾ ಅದೆ ಅಂತ ಹೇಳ್ತಾ ಬಂದೆ. ನಿಂಗೂ ಹಾಗೇ ಹೇಳ್ದೆ" ಎಂದೆ.

ಕೈ ಬಿಟ್ಟಳು. ಮೆಲ್ಲಗೆ, ಬಿಸಿ ಪಾತ್ರೆ ಕೆಳಗಿಡುವವರ ಹಾಗೆ.

"ಎಂತಕ್ಕೆ?"

"ಹೇಳೂಕೆ ಧೈರ್ಯ ಬರ್ಲಿಲ್ಲ."

"ಮತ್ತೆ ಈಗ ಎಂತಕ್ಕೆ ಹೇಳ್ತ್ರಿ?"

ಅಂಗಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಬಸ್ ನಿಲ್ದಾಣದವರೆಗೆ ಹಿಂದೆಯೇ ಹೋದೆ. ಬೇಡ ಎನ್ನಲಿಲ್ಲ, ತಿರುಗಿಯೂ ನೋಡಲಿಲ್ಲ. ಕಾರವಾರದ ಬಸ್ಸು ಬಂತು. ಕಿಟಕಿಯ ಬಳಿ ನಿಂತು, ಕದ್ವಾಡ ಮುಟ್ಟಿದ ಮೇಲೆ ಒಂದು ಫೋನ್ ಮಾಡು ಎಂದೆ.

ಏಪ್ರಿಲ್ 26

ಮಾಡಿಲ್ಲ.